ಖಾಲಿ ಕುರ್ಚಿ, ಬಾಳೆ ಎಲೆ: ಒಂದು ಪ್ರಕರಣ

ಈ ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಬದಲಿಸಿದ್ದೇನೆ. ಜಾತಿ ಬರೆದಿಲ್ಲ, ಇಸವಿಯನ್ನೂ ಬರೆದಿಲ್ಲ. ಬರೆದದ್ದನ್ನು ಅವರಿಗೆ ಓದಿ ಹೇಳಿದಾಗ ಎರಡು ಕಡೆ ತಿದ್ದಿಸಿದರು. ಒಂದು ಕಡೆ ನಾನು ಚಿಕಿತ್ಸೆಗೆ ಬಂದ ತಾಯಿಯ ಗಂಡನನ್ನು ಸ್ವಲ್ಪ ಜಾಸ್ತಿ ಬೈದಿದ್ದೆ.

ಹಿನ್ನೆಲೆ

ನಾನು ತುಮಕೂರು ಕಡೆಯವಳು. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಮನೋಚಿಕಿತ್ಸೆ ಮಾಡುತ್ತಿದ್ದೇನೆ. ಈ ಊರಿನಲ್ಲಿ ಕೂತರೆ ಮಣಿಪುರದವರು, ಬಿಹಾರದವರು, ಮಲಯಾಳಿಗಳು ಎಲ್ಲರೂ ಬರುತ್ತಾರೆ. ಅಂಥವರು ಬಂದರೆ ಮೈಯೆಲ್ಲ ಕಿವಿಯಾಗಿ ಕೂರುತ್ತೇನೆ. ಮನೋರೋಗಗಳನ್ನು ಗುರುತಿಸಲು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಸಂಸ್ಕೃತಿಯ ಬಗ್ಗೆಯೇ 16 ಪ್ರಶ್ನೆಗಳ ಒಂದು ಸಂದರ್ಶನ ಉಂಟು. ನಿಮ್ಮ ತೊಂದರೆಯನ್ನು ಮನೆಯವರಿಗೆ ಏನೆಂದು ಹೇಳುತ್ತೀರಿ, ಇದು ಯಾಕೆ ಬಂತು ಅಂತ ನಿಮಗೆ ಅನ್ನಿಸುತ್ತದೆ, ಇಂಥ ಪ್ರಶ್ನೆಗಳು. ಅದನ್ನು ತಪ್ಪದೆ ಕೇಳುತ್ತೇನೆ.

ಕನ್ನಡದವರು ಬಂದರೆ ಮಾತ್ರ ಆ ಹಾಳೆ ಡ್ರಾಯರ್‌ನಲ್ಲೇ ಉಳಿಯುತ್ತಿತ್ತು. ನಮ್ಮವರು ತಾನೆ, ಇದನ್ನೆಲ್ಲ ಯಾಕೆ ಕೇಳಬೇಕು ಎಂಬ ಧೈರ್ಯ.

ಸರೋಜಕ್ಕ (ನಿಜವಾದ ಹೆಸರಲ್ಲ) ಬಂದದ್ದು ಹಾಗೆ. ವಯಸ್ಸು ಐವತ್ತರ ಮೇಲೆ. ದಕ್ಷಿಣ ಕನ್ನಡದ ಹಳ್ಳಿಯವರು, ಮನೆಮಾತು ತುಳು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಗಂಡನಿಗೆ ಒಂದು ಚಿಕ್ಕ ಕ್ಯಾಂಟೀನ್. ಒಬ್ಬಳೇ ಮಗಳು, ಸಾಫ್ಟ್‌ವೇರ್ ಕೆಲಸ, 29 ವರ್ಷ. ಅಮ್ಮನನ್ನು ಕರೆದುಕೊಂಡು ಬಂದದ್ದು ಆ ಮಗಳೇ.

ಕೈಯಲ್ಲಿ ವೈದ್ಯರ ಚೀಟಿ ಇತ್ತು. ಏಳು ತಿಂಗಳಿನಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ‘ತಲೆಯಲ್ಲಿ ಉರಿ’ ಎಂದಿತ್ತು. ಆ ವೈದ್ಯರು ಬೇರೆ ರಾಜ್ಯದವರು. ಉರಿ ಯಾಕೆಂದು ನೋಡಲು ತಲೆಯ ಸ್ಕ್ಯಾನ್ ಮಾಡಿಸಿದ್ದರು, ಥೈರಾಯ್ಡ್ ನೋಡಿದ್ದರು. ಎಲ್ಲ ಸರಿ ಇತ್ತು. ಸರೋಜಕ್ಕ ಅವರ ಹತ್ತಿರ ಹೇಳಿದ್ದು ‘ಮಂಡೆ ಬಿಸಿ’ ಎಂದು. ತುಳುವಿನಲ್ಲಿ ‘ಮಂಡೆ ಬೆಚ್ಚ’ ಎಂದರೆ ಚಿಂತೆ, ನಮ್ಮ ಕಡೆಯ ತಲೆಬಿಸಿ. ಒಂದು ಚಿಂತೆಗೆ ಸ್ಕ್ಯಾನ್ ಆಗಿತ್ತು. ನಾನು ಅದನ್ನು ಓದಿ ಮನಸ್ಸಿನಲ್ಲೇ ನಕ್ಕೆ. ಮುಂದಿನ ಭೇಟಿಯಲ್ಲಿ ನಾನು ಮಾಡಿದ್ದೂ ಅಂಥದ್ದೇ ಎಂದು ಗೊತ್ತಾಗಲು ಒಂದೂವರೆ ತಿಂಗಳು ಬೇಕಾಯಿತು.

ಮೊದಲ ಎರಡು ಭೇಟಿ

ಮೊದಲ ದಿನ ಮಾತಾಡಿದ್ದೆಲ್ಲ ಮಗಳು. ನಾನು ಅಮ್ಮನನ್ನು ಕೇಳಿದರೆ ಉತ್ತರ ಮಗಳಿಂದ ಬರುತ್ತಿತ್ತು. ಕತೆ ಇಷ್ಟು: ಮಗಳಿಗೆ ಬಂದ ಮೂರು ಸಂಬಂಧ ಕೊನೆ ಗಳಿಗೆಯಲ್ಲಿ ಮುರಿದವು. ಊರಿನಲ್ಲಿ ಜ್ಯೋತಿಷ್ಯರ ಹತ್ತಿರ ಪ್ರಶ್ನೆ ಇಡಿಸಿದರು. ಮನೆಯಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಹೆಣ್ಣು ಮಗು ಒಂದು ಉಂಟು, ಅವಳಿಗೆ ಮದುವೆ ಆಗದೆ ತಂಗಿಯ ಮದುವೆ ಕೂಡಿಬರುವುದಿಲ್ಲ ಎಂದು ಬಂತು. ಅಲ್ಲಿಂದ ಅಮ್ಮನ ನಿದ್ದೆ ಹೋಯಿತು.

“ಅಮ್ಮನ ತಲೆಯಿಂದ ಇದನ್ನ ತೆಗೆದುಬಿಡಿ ಮೇಡಂ,” ಎಂದಳು ಮಗಳು. “ಸತ್ತವರಿಗೆ ಮದುವೆ ಅಂತೆ. ನನ್ನ ಫ್ರೆಂಡ್ಸ್‌ಗೆ ಹೇಳೋಕೂ ಆಗಲ್ಲ.”

ತುಳುನಾಡಿನ ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ತೀರಿಕೊಂಡವರಿಗೆ ‘ಕುಲೆ’ ಎನ್ನುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ಹೋದವರಿಗೆ, ಅವರು ಮದುವೆಯ ವಯಸ್ಸಿಗೆ ಬಂದ ಮೇಲೆ, ಹಾಗೇ ತೀರಿಕೊಂಡ ಇನ್ನೊಬ್ಬರನ್ನು ಹುಡುಕಿ ಮದುವೆ ಮಾಡುತ್ತಾರೆ. ಇದೇ ಕುಲೆ ಮದುವೆ, ಪ್ರೇತ ಮದುವೆ. ಎರಡು ಕುಟುಂಬಗಳು ಮಾತುಕತೆ ಮಾಡುತ್ತವೆ. ‘ಬರಿ’, ಅಂದರೆ ಗೋತ್ರದಂಥದ್ದು, ಒಂದೇ ಆಗಿರಬಾರದು. ಗಂಡಿನ ಕಡೆಯವರು ಧಾರೆ ಸೀರೆ ತರಬೇಕು. 2024ರ ಮೇಯಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು, 30 ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಅದು ದೇಶವೆಲ್ಲ ಸುದ್ದಿಯಾಯಿತು. ಊರಿನವರಿಗೆ ಆಶ್ಚರ್ಯವಾದದ್ದು ಅದು ಸುದ್ದಿಯಾಯಿತಲ್ಲ ಎಂದು.

ಇದರಲ್ಲಿ ಒಂದಕ್ಷರವೂ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಸಾಕಿತ್ತು.

ಎರಡನೇ ಭೇಟಿಯಲ್ಲಿ ಮಗಳನ್ನು ಹೊರಗೆ ಕೂರಿಸಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ಮೊದಲ ಒಳ್ಳೆಯ ಕೆಲಸ ಅದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಹಿಡಿದೆ. 27ಕ್ಕೆ 17 ಬಂತು. ಸಾಯಬೇಕು ಅನ್ನಿಸುತ್ತದೆಯಾ, ಅವಳ ಹತ್ತಿರ ಹೋಗಬೇಕು ಅನ್ನಿಸಿತ್ತಾ ಎಂದು ನೇರವಾಗಿ ಕೇಳಿದೆ. “ಇಲ್ಲ ಮೇಡಂ, ಇವಳ ಮದುವೆ ಆಗ್ಬೇಕಲ್ಲ” ಎಂದರು. ಮನೋವೈದ್ಯರನ್ನು ನೋಡಿಸಿ, ಖಿನ್ನತೆಯ ಮಾತ್ರೆ ಶುರುವಾಯಿತು. ಆ ಭಾಗದಲ್ಲಿ ತಕರಾರಿಲ್ಲ.

ಅದೇ ಪಟ್ಟಿಯಲ್ಲಿ, ಕೆಲಸಗಳಲ್ಲಿ ಆಸಕ್ತಿ ಹೇಗಿದೆ ಎಂದು ಕೇಳಿದಾಗ ಅವರು, “ಉದಾಸೀನ ಮೇಡಂ. ಅಡುಗೆ ಮಾಡ್ಲಿಕ್ಕೂ ಉದಾಸೀನ, ಇವಳ ಹತ್ರ ಮಾತಾಡ್ಲಿಕ್ಕೂ ಉದಾಸೀನ” ಎಂದರು. ‘ಮಗಳ ಬಗ್ಗೆ ಉದಾಸೀನ’ ಎಂದು ಬರೆದುಕೊಂಡೆ. ಬಯಲುಸೀಮೆಯಲ್ಲಿ ಉದಾಸೀನ ಎಂದರೆ ಅಸಡ್ಡೆ, ತಾತ್ಸಾರ. ಸತ್ತ ಮಗಳ ಗುಂಗಿನಲ್ಲಿ ಇರುವ ಮಗಳನ್ನು ಕಡೆಗಣಿಸಿದ ತಾಯಿ ಎಂದು ಒಂದು ಚಂದದ ಕತೆಯನ್ನೂ ಕಟ್ಟಿಕೊಂಡೆ. ಕರಾವಳಿಯಲ್ಲಿ ಉದಾಸೀನ ಎಂದರೆ ಮೈಗೆ ಆಗದಿರುವುದು, ಆಲಸ್ಯ, ಏಳಲು ಮನಸ್ಸಿಲ್ಲದಿರುವುದು. ಸುಸ್ತಾಗಿದ್ದೇನೆ ಎಂದು ಆಕೆ ಹೇಳಿದ್ದರು, ಅಷ್ಟೇ. ಸ್ಕ್ಯಾನ್ ಮಾಡಿಸಿದ ವೈದ್ಯರನ್ನು ನೋಡಿ ನಕ್ಕವಳು ನಾನು.

ಆ ದಿನ ಇನ್ನೊಂದು ಮಾತೂ ನಡೆಯಿತು. ನಾನು ಬಹಳ ಮರ್ಯಾದೆಯಿಂದ, “ಅದು ನಿಮ್ಮ ನಂಬಿಕೆ ಸರೋಜಮ್ಮ, ನಾನು ಅದನ್ನ ಗೌರವಿಸ್ತೀನಿ” ಎಂದೆ. ತರಬೇತಿಯಲ್ಲಿ ಕಲಿಸುವ ವಾಕ್ಯ ಇದು.

ಅವರು ನನ್ನ ಮುಖ ನೋಡಿದರು. “ನಂಬಿಕೆ ಅಲ್ಲ ಮೇಡಂ, ಮಗಳು” ಎಂದರು.

ಬರೆದುಕೊಂಡೆ. ಬರೆದುಕೊಂಡದ್ದು ಬಿಟ್ಟರೆ ಅದರ ಬಗ್ಗೆ ಏನೂ ಮಾಡಲಿಲ್ಲ.

ಕುರ್ಚಿ

ಮೂರನೇ ಭೇಟಿಗೆ ನಾನು ತಯಾರಿ ಮಾಡಿಕೊಂಡಿದ್ದೆ. ಇದು ಮುಗಿಯದ ದುಃಖ, ಮಗುವಿಗೆ ವಿದಾಯ ಹೇಳಿಲ್ಲ ಎಂಬ ಊಹೆ. ಅದಕ್ಕೆ ಖಾಲಿ ಕುರ್ಚಿಯ ತಂತ್ರ ಉಂಟು. ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್ ಅವರಿಂದ ಹೆಸರಾದದ್ದು. ಎದುರಿಗೆ ಕುರ್ಚಿ ಇಟ್ಟು, ತೀರಿಕೊಂಡವರು ಅಲ್ಲಿ ಕೂತಿದ್ದಾರೆ ಎಂದುಕೊಂಡು, ಹೇಳದೆ ಉಳಿದದ್ದನ್ನು ಹೇಳುವುದು. ನನ್ನ ಕೈಯಲ್ಲಿ ಹತ್ತಾರು ಜನರಿಗೆ ಇದು ಕೆಲಸ ಮಾಡಿದೆ.

ಮೂಲೆಯ ಪ್ಲಾಸ್ಟಿಕ್ ಕುರ್ಚಿ ಎಳೆದು ಅವರ ಎದುರಿಗೆ ಇಟ್ಟೆ. “ಪಾಪು ಇಲ್ಲಿದೆ ಅಂತ ಅಂದುಕೊಳ್ಳಿ. ಕರೀರಿ. ಅವಳಿಗೆ ಏನು ಹೇಳ್ಬೇಕೋ ಹೇಳಿ” ಎಂದೆ.

ಅವರು ಕುರ್ಚಿ ನೋಡಲಿಲ್ಲ. ನನ್ನನ್ನೇ ನೋಡಿದರು. ಸೆರಗು ಎಳೆದು ಹೊದ್ದುಕೊಂಡರು. ಫ್ಯಾನ್ ಜೋರಾಗಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದರು. ಬಾಗಿಲ ಹತ್ತಿರ ಹೋಗಿ, ಕುರ್ಚಿಯ ಕಡೆ ತಿರುಗಿ, ತುಳುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಆಮೇಲೆ ನನಗೆ, “ಹೀಗೆ ಕರೀಬಾರ್ದು ಮೇಡಂ” ಎಂದಷ್ಟೇ ಹೇಳಿ ಹೋದರು. ಇನ್ನೂ 25 ನಿಮಿಷ ಉಳಿದಿತ್ತು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮಗಳಿಂದ ಒಂದು ಸಂದೇಶ ಬಂತು: ಅಮ್ಮ ಬರಲ್ಲ ಅಂತಿದ್ದಾರೆ, ಸಾರಿ.

‘ದುಃಖ ಎದುರಿಸಲು ಸಿದ್ಧರಿಲ್ಲ, ಪ್ರತಿರೋಧ’ ಎಂದು ಟಿಪ್ಪಣಿ ಬರೆದೆ. ಪ್ರತಿರೋಧ ಎಂಬುದು ನಮ್ಮ ವೃತ್ತಿಯಲ್ಲಿ ಬಹಳ ಅನುಕೂಲದ ಪದ. ತಪ್ಪು ಯಾವಾಗಲೂ ಎದುರಿನ ಕುರ್ಚಿಯವರದ್ದಾಗುತ್ತದೆ.

ತಿಂಗಳಿಗೊಮ್ಮೆ ನಾನು ಒಬ್ಬ ಹಿರಿಯ ಚಿಕಿತ್ಸಕಿಯ ಹತ್ತಿರ ನನ್ನ ಪ್ರಕರಣಗಳನ್ನು ಒಯ್ಯುತ್ತೇನೆ. ಅವರು ಧಾರವಾಡದವರು. ಕರಾವಳಿ ಅವರಿಗೂ ಹೊಸದೇ. ನನ್ನ ಟಿಪ್ಪಣಿ ಪೂರಾ ಓದಿ, ಕನ್ನಡಕ ತೆಗೆದು, ಒಂದೇ ಪ್ರಶ್ನೆ ಕೇಳಿದರು. “ಆ ಹುಡುಗಿಗೆ ಈಗ ಎಷ್ಟು ವಯಸ್ಸು?”

“29,” ಎಂದೆ.

“ಅಕಿ ಅಲ್ಲ. ತೀರಿಕೊಂಡಾಕಿ.”

“ಒಂಬತ್ತು ತಿಂಗಳ ಮಗು ಅದು.”

“ಒಂಬತ್ತು ತಿಂಗಳ ಕೂಸಿಗೆ ಯಾರರೆ ಮದುವಿ ಮಾಡ್ತಾರೇನು?”

ನನ್ನ ಟಿಪ್ಪಣಿಯಲ್ಲಿ ನಾಲ್ಕು ಕಡೆ ‘ಪಾಪು’ ಎಂದಿತ್ತು. ಕುರ್ಚಿ ಇಟ್ಟು ಕರೆ ಎಂದಾಗಲೂ ಪಾಪು ಎಂದೇ ಹೇಳಿದ್ದೆ. ಸರೋಜಕ್ಕ ಒಮ್ಮೆಯೂ ಆ ಪದ ಬಳಸಿರಲಿಲ್ಲ. ಅವರ ಮಟ್ಟಿಗೆ ಅವಳು ಬೆಳೆದಿದ್ದಳು. ಬೆಳೆದಿದ್ದಕ್ಕೇ ಮದುವೆಯ ಮಾತು ಬಂದದ್ದು. ನಾನು ಬೇರೆ ಯಾರನ್ನೋ ಕುರ್ಚಿಯಲ್ಲಿ ಕೂರಿಸಿದ್ದೆ.

ತಿರುವು

ಫೋನ್ ಮಾಡಬೇಕಾ, ಸುಮ್ನೆ ಬಿಡಬೇಕಾ ಎಂದು ಎರಡು ದಿನ ಯೋಚಿಸಿದೆ. ಬಿಟ್ಟು ಹೋದವರ ಹಿಂದೆ ಬೀಳಬಾರದು ಎಂಬುದು ನಿಯಮ. ಅವರಾಗಿ ಬಿಟ್ಟು ಹೋದದ್ದಲ್ಲ, ನಾನೇ ಓಡಿಸಿದ್ದು ಎಂದು ಸಮಾಧಾನ ಮಾಡಿಕೊಂಡು ಫೋನ್ ಮಾಡಿದೆ. ಮಗಳ ನಂಬರಿಗಲ್ಲ, ಅವರ ನಂಬರಿಗೇ.

“ಅವತ್ತು ಗೊತ್ತಿಲ್ಲದೆ ಕುರ್ಚಿ ಇಟ್ಟೆ. ತಪ್ಪಾಯ್ತು. ನಿಮ್ಮ ಕಡೆ ಹೇಗೆ ಅಂತ ನನಗೆ ಗೊತ್ತಿಲ್ಲ, ನೀವು ಹೇಳಿಕೊಡ್ಬೇಕು” ಎಂದೆ.

ಆ ಕಡೆ ಕುಕ್ಕರ್ ಕೂಗುತ್ತಿತ್ತು. ಮೂರನೇ ಸೀಟಿ ಆಗುವವರೆಗೆ ಮಾತಿಲ್ಲ. ಆಮೇಲೆ, “ಮನೆಗೆ ಬಂದು ಬಡಿಸಿದೆ ಮೇಡಂ. ಬಾಳೆ ಎಲೆ ಹಾಕಿ, ಅನ್ನ, ಮೀನು. ಕರೆದ ಮೇಲೆ ಹಸಿವಲ್ಲಿ ಕಳಿಸ್ಲಿಕ್ಕೆ ಆಗ್ತದಾ?”

ಬಾಗಿಲಲ್ಲಿ ನಿಂತು ಕುರ್ಚಿಗೆ ತುಳುವಿನಲ್ಲಿ ಹೇಳಿದ್ದು ಏನು ಎಂದು ಕೇಳಿದೆ. ಮನೆಗೆ ಬಾ, ಅಲ್ಲಿ ಕೊಡ್ತೇನೆ ಎಂದಿದ್ದರಂತೆ.

ನಾಲ್ಕನೇ ಭೇಟಿಗೆ ಒಬ್ಬರೇ ಬಂದರು. ಅವತ್ತು ಡ್ರಾಯರ್‌ನಿಂದ ಆ 16 ಪ್ರಶ್ನೆಗಳ ಹಾಳೆ ತೆಗೆದೆ. ಜೊತೆಗೆ ನನ್ನದೂ ಒಂದು ಸೇರಿಸಿದೆ: ಅವಳಿಗೆ ಈಗ ಎಷ್ಟು ವಯಸ್ಸು?

ಲೆಕ್ಕ ಹಾಕಲೇ ಇಲ್ಲ ಅವರು. “ಇವಳಿಗಿಂತ ಒಂದೂಮುಕ್ಕಾಲು ವರ್ಷಕ್ಕೆ ದೊಡ್ಡವಳು. ಕೂದಲು ಇವಳ ಹಾಗೆ ಅಲ್ಲ, ನನ್ನ ಹಾಗೆ, ದಪ್ಪ” ಎಂದರು. ಅವಳ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ನಲವತ್ತು ನಿಮಿಷ ನಾನು ಮಾತಾಡಿದ್ದು ಕಡಿಮೆ.

ಅದು ಆಟಿಯ ಮಳೆ. ಗಂಡ ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಮಗುವಿಗೆ ಜ್ವರ. ತೋಡು ತುಂಬಿ ಸಂಕ ಮುಳುಗಿತ್ತು. ತೋಡು ಎಂದರೆ ಹಳ್ಳ, ಸಂಕ ಎಂದರೆ ಅದನ್ನು ದಾಟಲು ಹಾಕಿದ ಮರದ ಕಿರುಸೇತುವೆ. ಬೆಳಗಾಗಲಿ ಎಂದು ಕಾದರು. ಬೆಳಗಾಗುವ ಮೊದಲೇ ಮುಗಿಯಿತು. ಗಂಡನಿಗೆ ಟೆಲಿಗ್ರಾಂ ಹೋಗಿ, ಅವರು ಬರುವಾಗ ಮಣ್ಣು ಮಾಡಿ ಆಗಿತ್ತು. ನಾಲ್ಕು ತಿಂಗಳಿಗೆ ಸರೋಜಕ್ಕನಿಗೆ ಮತ್ತೆ ತಿಂಗಳು ನಿಂತಿತು. ಅತ್ತೆ ಹೇಳಿದರು: “ಹೊಟ್ಟೆಯಲ್ಲಿ ಇನ್ನೊಂದು ಉಂಟು. ಅಳ್ಬೇಡ.” ಕೆಟ್ಟ ಹೆಂಗಸೇನಲ್ಲ ಅತ್ತೆ. ಒಳ್ಳೆಯದಕ್ಕೇ ಹೇಳಿದ್ದು. ಸರೋಜಕ್ಕ ಅದನ್ನು ಎಷ್ಟು ಅಚ್ಚುಕಟ್ಟಾಗಿ ಪಾಲಿಸಿದರು ಎಂದರೆ ಅಲ್ಲಿಂದ ಈಚೆಗೆ ಅತ್ತದ್ದೇ ಇಲ್ಲ.

ಹೊರಡುವಾಗ, “ನಮ್ಮಲ್ಲಿ ಅಮ್ಮ ಅಂತ ಸೇರಿಸುದಿಲ್ಲ ಮೇಡಂ. ಸರೋಜಕ್ಕ ಅಂತ ಕರೀರಿ” ಎಂದರು.

ರೋಗದ ಹೆಸರು

ಮುಂದೆ ಏನೆಂದು ಹೆಸರಿಡುವುದು ಎಂಬ ಪ್ರಶ್ನೆ ಬಂತು. ಖಿನ್ನತೆ ಇತ್ತು, ಅದು ಸ್ಪಷ್ಟ. ಮನೋವೈದ್ಯರು ‘ದೀರ್ಘಕಾಲದ ದುಃಖದ ಕಾಯಿಲೆ’ಯನ್ನೂ ಸೇರಿಸಬಹುದಾ ಎಂದು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, 2022ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಈ ಹೆಸರು ಉಂಟು. ಆರು ತಿಂಗಳು ದಾಟಿರಬೇಕು, ಮತ್ತು ಆ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮದ ರೂಢಿಯನ್ನು ಮೀರಿದ ದುಃಖವಾಗಿರಬೇಕು ಎನ್ನುತ್ತದೆ ಅದು.

ಕಾಲದ ಲೆಕ್ಕದಲ್ಲಿ ಮೂವತ್ತು ವರ್ಷ ಆಗಿತ್ತು. ರೂಢಿ? ನನ್ನ ಊರಿನ ಅಳತೆಯಲ್ಲಿ, ಸತ್ತ ಮಗು ಬೆಳೆದು ಮದುವೆಗೆ ಬಂದಿದೆ ಎನ್ನುವುದು ರೂಢಿ ಮೀರಿದ ಮಾತು. ಅವರ ಊರಿನಲ್ಲಿ ಅದೇ ರೂಢಿ. ಹಾಗೆ ನೋಡಿದರೆ ರೂಢಿ ತಪ್ಪಿದ್ದು ಒಂದೇ ಕಡೆ: ಮಗು ಹೋದ ತಾಯಿ ಅಳಲೇ ಇಲ್ಲ. ಆ ಹೆಸರು ಸೇರಿಸುವುದು ಬೇಡ ಎಂದೆ. ಮನೋವೈದ್ಯರು ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ. ಈಗಲೂ ಅವರು ಹೇಳುವುದರಲ್ಲಿ ಅರ್ಥ ಉಂಟು ಅನ್ನಿಸುತ್ತದೆ.

ನಾನು ಓದುವಾಗ ದುಃಖ ಎಂದರೆ ಬಿಟ್ಟುಕೊಡುವ ಕೆಲಸ ಎಂದು ಕಲಿತಿದ್ದೆ. 1917ರಲ್ಲಿ ಫ್ರಾಯ್ಡ್ ಬರೆದದ್ದರ ನೆರಳು ಅದು. 1990ರ ದಶಕದಲ್ಲಿ ಡೆನಿಸ್ ಕ್ಲಾಸ್ ಮತ್ತು ಅವರ ಜೊತೆಗಾರರು, ತೀರಿಕೊಂಡವರ ಜೊತೆ ನಂಟು ಮುಂದುವರಿಯುವುದು ಕಾಯಿಲೆಯೇನಲ್ಲ ಎಂದು ವಾದಿಸಿದರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರ ಜೊತೆ ಕೆಲಸ ಮಾಡಿದವರು ಕ್ಲಾಸ್. ಜಪಾನಿನಲ್ಲಿ ಮನೆಯ ತೀರಿಕೊಂಡ ಹಿರಿಯರಿಗೆ ಮಾಡುವ ಪೂಜೆಯ ಬಗ್ಗೆಯೂ ಬರೆದಿದ್ದಾರೆ. ಪರೀಕ್ಷೆಗೆ ಇದನ್ನೆಲ್ಲ ಓದಿ ಪಾಸಾಗಿದ್ದೆ. ನಮ್ಮದೇ ರಾಜ್ಯದವರು ಎದುರಿಗೆ ಕೂತಾಗ ಅದು ನೆನಪಿಗೆ ಬರಲಿಲ್ಲ.

“ನೀವೇ ಹೇಳಿ”

ಎಂಟನೇ ಭೇಟಿಯಲ್ಲಿ ಸರೋಜಕ್ಕ ನೇರವಾಗಿ ಕೇಳಿದರು. “ಮದುವೆ ಮಾಡುದಾ ಬೇಡ್ವಾ ಮೇಡಂ? ನೀವೇ ಹೇಳಿ.”

ಇಂಥ ಕಡೆ ಪಾಠದ ಉತ್ತರ, ‘ನಿಮಗೇನು ಅನ್ನಿಸುತ್ತೆ?’ ಎಂದು ತಿರುಗಿಸುವುದು. ಆದರೆ ನಮ್ಮಲ್ಲಿ ಬಹಳ ಜನ ಹಿರಿಯರ ಹತ್ತಿರ ಕೇಳುವ ಹಾಗೆ ಬಂದು ಕೇಳುತ್ತಾರೆ. ಪ್ರಶ್ನೆಗೆ ಪ್ರಶ್ನೆ ಹಾಕಿದರೆ ಕೈಬಿಟ್ಟ ಹಾಗಾಗುತ್ತದೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಗುರು-ಚೇಲಾ ಸಂಬಂಧವನ್ನು ಚಿಕಿತ್ಸೆಗೆ ಮಾದರಿಯಾಗಿ ನೋಡಬಹುದು ಎಂದು ಬರೆದಿದ್ದರು. ನಾನು ಗುರುವಾಗಲು ಹೊರಟಿರಲಿಲ್ಲ. ಆದರೆ ಮುಖ ತಪ್ಪಿಸುವುದೂ ಸರಿ ಅನ್ನಿಸಲಿಲ್ಲ.

ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಇದು ಮಾಡಿದರೆ ಇವಳ ಮದುವೆ ಕೂಡಿಬರುತ್ತದೆ ಎಂದು ನಾನು ಹೇಳಲಾರೆ. ಅದಕ್ಕಾಗಿ ಮಾಡುವುದಾದರೆ ನನಗೆ ಹೆದರಿಕೆ. ಆಗದಿದ್ದರೆ ಮತ್ತೆ ಇನ್ನೊಂದು ಪ್ರಶ್ನೆ ಇಡಿಸುತ್ತೀರಿ, ಇನ್ನೊಂದು ಖರ್ಚು. ದೊಡ್ಡವಳಿಗಾಗಿ ಮಾಡುವುದಾದರೆ ಅದು ಬೇರೆ ಮಾತು. ಮಾತ್ರೆ ಮಾತ್ರ ನಿಲ್ಲಿಸುವ ಹಾಗಿಲ್ಲ. ಸಾಲ ಮಾಡಿ ಮಾಡುವುದು ಬೇಡ.

ಬಹಳ ಹೊತ್ತು ಯೋಚನೆ ಮಾಡಿದರು. “ದೊಡ್ಡವಳಿಗಾಗಿ,” ಎಂದರು ಕೊನೆಗೆ. “ಇವಳದ್ದು ಇವಳ ಹಣೆಯಲ್ಲಿ ಇದ್ದ ಹಾಗೆ.”

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, ನೀವು ಮೂಢನಂಬಿಕೆಗೆ ನೀರೆರೆಯುತ್ತಿದ್ದೀರಿ ಎಂದು ಜಗಳವಾಡಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ, ನಂಬಿಕೆಯಿಂದ ತಂದು ಬಿಟ್ಟ ಮನೋರೋಗಿಗಳು ಸರಪಳಿಯಲ್ಲಿದ್ದಾಗಲೇ ಬೆಂಕಿ ಬಿದ್ದು 28 ಜನ ಸತ್ತರು. ಮರುವರ್ಷ, 2002ರಲ್ಲಿ, ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ಅದೇ ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ್ದ 31 ಜನರನ್ನು ಗಮನಿಸಿ ವರದಿ ಬರೆದರು. ಔಷಧಿ ಇಲ್ಲದೆಯೂ ರೋಗದ ಲಕ್ಷಣಗಳ ಅಂಕ ಸುಮಾರು ಐದನೇ ಒಂದು ಭಾಗ ಇಳಿದಿತ್ತು. ಅಲ್ಲಿ ಯಾರನ್ನೂ ಕಟ್ಟಿಹಾಕಿರಲಿಲ್ಲ, ಹೊಡೆದಿರಲಿಲ್ಲ. ಮನೆಯವರು ಜೊತೆಗಿದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ನಂಬಿಕೆ’ ಎಂದು ಹಣೆಪಟ್ಟಿ ಹಚ್ಚಲು ನನಗೆ ಮನಸ್ಸಿಲ್ಲ. ನಾನು ಕೇಳಿಕೊಂಡದ್ದು, ಇದರಲ್ಲಿ ಯಾರಿಗಾದರೂ ನೋವಾಗುತ್ತದಾ, ಯಾರಾದರೂ ಹಣ ಸುಲಿಯುತ್ತಾರಾ, ಚಿಕಿತ್ಸೆ ನಿಲ್ಲುತ್ತದಾ ಎಂದು. ಮೂರಕ್ಕೂ ಇಲ್ಲ ಎಂದು ಬಂತು. ಎರಡನೆಯದರ ಮೇಲೆ ಮಾತ್ರ ಕಣ್ಣಿಟ್ಟಿದ್ದೆ.

ಬಳೆ

ಈ ಪ್ರಕರಣದಲ್ಲಿ ಕಷ್ಟದ ದಿನ ಯಾವುದು ಎಂದರೆ ಮಗಳೂ ಅಮ್ಮನೂ ಒಟ್ಟಿಗೆ ಕೂತ ದಿನ. ಮಗಳು ಸಿಟ್ಟಿನಲ್ಲಿ ಬಂದಿದ್ದಳು. ತೆಗೆಯಿರಿ ಎಂದದ್ದನ್ನು ನಾನು ತೆಗೆಯುವ ಬದಲು ಮಂಟಪ ಹಾಕಿಸಲು ಹೊರಟಿದ್ದೇನೆ ಎಂದು.

ಸರೋಜಕ್ಕ ಅತ್ತೆಯ ಮಾತು ಹೇಳಿದರು. ಹೊಟ್ಟೆಯಲ್ಲಿ ಇನ್ನೊಂದು ಉಂಟು, ಅಳ್ಬೇಡ. “ಆ ಇನ್ನೊಂದು ನೀನು” ಎಂದರು.

ಮಗಳು ಏನೂ ಹೇಳಲಿಲ್ಲ. ಮೊಬೈಲ್ ತಿರುಗಿಸಿ ಇಟ್ಟಳು. ಆಮೇಲೆ, “ಬಳೆ,” ಎಂದಳು.

ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಅಮ್ಮ ಯಾವಾಗಲೂ ಎರಡು ಜೊತೆ ಗಾಜಿನ ಬಳೆ ಕೊಳ್ಳುತ್ತಿದ್ದರಂತೆ. ಒಂದು ಇವಳ ಅಳತೆಯದ್ದು, ಇನ್ನೊಂದು ಸ್ವಲ್ಪ ದೊಡ್ಡದು. ದೊಡ್ಡದು ಯಾಕೆ ಎಂದರೆ, ಬೆಳೆದ ಮೇಲೆ ಆಗ್ತದೆ ಎನ್ನುತ್ತಿದ್ದರು. ಬೆಳೆದಳು. ಆ ಬಳೆ ಇವಳ ಕೈಗೆ ಬರಲೇ ಇಲ್ಲ. ಕಪಾಟಿನಲ್ಲಿ ಎಲ್ಲೋ ಇದ್ದಾವು ಎಂದುಕೊಂಡಿದ್ದಳು.

“ಉಂಟು,” ಎಂದರು ಸರೋಜಕ್ಕ. “ಎಲ್ಲ ಉಂಟು.”

ಆಮೇಲೆ ಇಬ್ಬರೂ ತುಳುವಿನಲ್ಲಿ ಮಾತಾಡಿಕೊಂಡರು. ಹತ್ತು ನಿಮಿಷ ಇರಬಹುದು. ‘ಬಾಲೆ’ ಅಂದರೆ ಮಗು, ‘ಅಪ್ಪೆ’ ಅಂದರೆ ತಾಯಿ, ಈ ಎರಡು ಪದ ಬಿಟ್ಟರೆ ನನಗೊಂದೂ ಅರ್ಥವಾಗಲಿಲ್ಲ. ಕನ್ನಡದಲ್ಲಿ ಹೇಳಿ ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ಅಲ್ಲಿಯವರೆಗೆ ಸರೋಜಕ್ಕ ನನ್ನ ಹತ್ತಿರ ತಮ್ಮ ಎರಡನೇ ಭಾಷೆಯಲ್ಲಿ ದುಃಖ ಹೇಳಿಕೊಂಡಿದ್ದರು. ಅದು ನನಗೆ ಹೊಳೆದದ್ದೇ ಅವತ್ತು. ಮುಂದಿನ ಭೇಟಿಗಳಲ್ಲಿ ತುಳುವಿನಲ್ಲಿ ಬಂದರೆ ತುಳುವಿನಲ್ಲೇ ಹೇಳಿ ಎಂದೆ. ಬೇಕಾದರೆ ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದರು, ಬೇಡವಾದರೆ ಇಲ್ಲ.

ಮದುವೆ

ವರ ಸಿಗಲು ಐದು ತಿಂಗಳು ಹಿಡಿಯಿತು. ಬರಿ ಹೊಂದಬೇಕು, ವಯಸ್ಸು ಹೊಂದಬೇಕು. ಒಂದು ಸಂಬಂಧ ಬೇಡವೆಂದು ಬಿಟ್ಟರು, ಹುಡುಗ ಇವಳಿಗಿಂತ ಚಿಕ್ಕವನಂತೆ. ಆ ದಿನಗಳಲ್ಲಿ ಸರೋಜಕ್ಕನ ಮಾತು ಯಾವುದೇ ಮದುವೆ ಮನೆಯ ಅಮ್ಮನ ಮಾತಿನ ಹಾಗೇ ಇತ್ತು. ಗಡಿಬಿಡಿ, ಲೆಕ್ಕ, ನೆಂಟರ ಮೇಲೆ ದೂರು. ನಿದ್ದೆ ಐದು ಗಂಟೆಗೆ ಬಂದಿತ್ತು. ಅದು ಮಾತ್ರೆಯಿಂದಲೋ, ಮಾತಿನಿಂದಲೋ, ಈ ಓಡಾಟದಿಂದಲೋ ಹೇಳಲಾರೆ.

ನನ್ನನ್ನೂ ಕರೆದರು. ಹೋಗಬೇಕಾ? ಚಿಕಿತ್ಸಕರು ಮನೆಯ ಕಾರ್ಯಕ್ಕೆ ಹೋಗಬಾರದು ಎಂಬ ಗೆರೆ ಒಂದು ಕಡೆ. ಹೋಗದಿದ್ದರೆ ಮೊದಲ ದಿನದ ‘ಗೌರವಿಸ್ತೀನಿ’ ಬರೀ ಬಾಯಿಮಾತು ಎಂದಾಗುತ್ತದಾ ಎಂಬ ಅಳುಕು ಇನ್ನೊಂದು ಕಡೆ. ವಾರವೆಲ್ಲ ಕೊರೆಯಿತು. ಹಿರಿಯ ಚಿಕಿತ್ಸಕಿಯ ಹತ್ತಿರ ಒಂದು ಗಂಟೆ ಚರ್ಚೆ ಮಾಡಿದೆ. ಕೊನೆಗೆ ಸರೋಜಕ್ಕನ ಹತ್ತಿರವೇ ಮಾತು ತೆಗೆದರೆ, ಅವರು ಏನೋ ನೆನಪಾಗಿ ನಕ್ಕುಬಿಟ್ಟರು. “ಅಯ್ಯೋ, ನಿಮಗೆ ಮದುವೆ ಆಗ್ಲಿಲ್ಲ ಅಲ್ವಾ? ಹಾಗಾದ್ರೆ ನೀವು ನೋಡುವ ಹಾಗಿಲ್ಲ ಮೇಡಂ.” ಮದುವೆಯಾಗದವರೂ ಮಕ್ಕಳೂ ಕುಲೆ ಮದುವೆ ನೋಡಬಾರದಂತೆ. ಅವರ ಮಗಳೂ ನೋಡುವ ಹಾಗಿರಲಿಲ್ಲ.

ನಡೆದದ್ದು ಆಟಿಯಲ್ಲಿ, ಶುಭ ಕಾರ್ಯಕ್ಕೆ ಆಗದ ತಿಂಗಳಲ್ಲಿ. ನಾನು ಕಂಡದ್ದಲ್ಲ, ಅವರು ಹೇಳಿದ್ದು. ಎರಡು ಕುರ್ಚಿ. ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ, ಶರ್ಟು. ಗಂಡಿನ ಕಡೆಯವರು ತಂದ ಧಾರೆ ಸೀರೆಯನ್ನು ಹೆಣ್ಣಿನ ಕುರ್ಚಿಗೆ ಉಡಿಸಿ, ಉಟ್ಟುಕೊಳ್ಳಲು ಸಮಯ ಬೇಕಲ್ಲ ಎಂದು ಎಲ್ಲರೂ ಸ್ವಲ್ಪ ಹೊತ್ತು ಕಾದರು. ಹಾರ, ಧಾರೆ, ಸಪ್ತಪದಿ. ಕಪಾಟಿನ ಬಳೆಗಳನ್ನೆಲ್ಲ ಸೀರೆಯ ಮೇಲೆ ಇಟ್ಟರು. ಚಿಕ್ಕ ಅಳತೆಯಿಂದ ದೊಡ್ಡ ಅಳತೆಯವರೆಗೆ, ಸಾಲಾಗಿ. ಊಟಕ್ಕೆ ಕೋಳಿ ಸುಕ್ಕ, ಮೀನು, ಇಡ್ಲಿ.

ಧಾರೆ ಎರೆಯುವಾಗ ಗಂಡನ ಕೈ ನಡುಗಿ ನೀರೆಲ್ಲ ಚೆಲ್ಲಿತಂತೆ. ಆ ಮನುಷ್ಯ ಮಗುವನ್ನು ನೋಡಿದ್ದೇ ಎರಡು ಸಲ. ಮೂವತ್ತು ವರ್ಷ ಅದರ ಹೆಸರು ಎತ್ತಿರಲಿಲ್ಲ. ಅವತ್ತು “ನಾನು ಮುಖ ನೋಡ್ಲಿಲ್ಲ” ಎಂದು ಎಲ್ಲರ ಎದುರೇ ಹೇಳಿದರಂತೆ.

ಕಳಿಸಿಕೊಡುವ ಹೊತ್ತಿಗೆ ಸರೋಜಕ್ಕ ಅತ್ತರು. ಯಾರೂ ತಡೆಯಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿ ಅತ್ತರೆ ಯಾರು ತಡೆಯುತ್ತಾರೆ? ಅತ್ತೆಗೆ ಈಗ ಎಂಬತ್ತು ದಾಟಿದೆ. ಪಕ್ಕದಲ್ಲಿ ಕೂತು ಅವರೂ ಅತ್ತರಂತೆ. ನನ್ನ ಖಾಲಿ ಕುರ್ಚಿ ಸತ್ತ ಮಗುವಿಗೆ ವಿದಾಯ ಹೇಳಿ ಎಂದಿತ್ತು. ಸತ್ತ ಮಗುವಿಗೆ ವಿದಾಯ ಹೇಗೆ ಹೇಳುವುದು ಎಂದು ಅವರಿಗೆ ಗೊತ್ತಿರಲಿಲ್ಲ. ಮದುಮಗಳನ್ನು ಹೇಗೆ ಕಳಿಸಬೇಕು ಎಂದು ಚೆನ್ನಾಗಿ ಗೊತ್ತಿತ್ತು.

ಆಮೇಲೆ

ಒಟ್ಟು 19 ಭೇಟಿ. ಕೊನೆಯಲ್ಲಿ ಪಿಎಚ್‌ಕ್ಯೂ-9 ಅಂಕ 8. ಮಾತ್ರೆ ಇನ್ನೂ ಒಂದು ವರ್ಷ ನಡೆಯಿತು. ಮಗಳ ಮದುವೆ ಆಗಿಲ್ಲ. ಅವಳಿಗೆ ಈಗ ಆ ಅವಸರವೂ ಇಲ್ಲ. ತಾನೂ ಯಾರ ಹತ್ತಿರವಾದರೂ ಮಾತಾಡಬೇಕು ಎಂದಾಗ ಬೇರೆ ಚಿಕಿತ್ಸಕರ ಹತ್ತಿರ ಕಳಿಸಿದೆ. ಅದೇ ಜ್ಯೋತಿಷ್ಯರು ಆಮೇಲೆ ಇನ್ನೊಂದು ಶಾಂತಿ ಮಾಡಿಸಬೇಕು ಎಂದರಂತೆ. “ಸಾಕು” ಎಂದು ಹೇಳಿ ಬಂದದ್ದು ಗಂಡ. ಅದಕ್ಕೇ ಇಲ್ಲಿ ಅವರನ್ನು ಬೈದದ್ದನ್ನು ಸರೋಜಕ್ಕ ತೆಗೆಸಿದ್ದು.

ನನ್ನ ಕೋಣೆಯಲ್ಲಿ ಬದಲಾದದ್ದು ಕೆಲವು ಸಣ್ಣ ಸಂಗತಿಗಳು. 16 ಪ್ರಶ್ನೆಗಳ ಹಾಳೆ ಡ್ರಾಯರ್‌ನಿಂದ ಮೇಜಿನ ಮೇಲೆ ಬಂದಿದೆ, ತುಮಕೂರಿನವರು ಬಂದರೂ ಕೇಳುತ್ತೇನೆ. ಫಾರಂನಲ್ಲಿ ‘ಮಾತೃಭಾಷೆ’ ಎಂಬುದರ ಕೆಳಗೆ ‘ಯಾವ ಭಾಷೆಯಲ್ಲಿ ಅಳು ಬರುತ್ತದೆ’ ಎಂದು ಸೇರಿಸಿದ್ದೇನೆ. ಕೆಲವರು ನಗುತ್ತಾರೆ, ಆದರೆ ತುಂಬಿಸುತ್ತಾರೆ. ಉದಾಸೀನ, ಬೇಜಾರು, ಸಂಕಟ ಇಂಥ ಪದ ಬಂದರೆ, ಹಾಗಂದರೆ ಹೇಗಿರುತ್ತದೆ ಎಂದು ಕೇಳದೆ ಬರೆದುಕೊಳ್ಳುವುದಿಲ್ಲ. ಖಾಲಿ ಕುರ್ಚಿಯನ್ನು ಈಗಲೂ ಬಳಸುತ್ತೇನೆ. ಬಳಸುವ ಮೊದಲು, ನಿಮ್ಮಲ್ಲಿ ತೀರಿಕೊಂಡವರನ್ನು ಕರೆಯುವ ರೀತಿ ಉಂಟಾ, ಕರೆದರೆ ಏನು ಕೊಡಬೇಕು ಎಂದು ಕೇಳುತ್ತೇನೆ.

ಕಳೆದ ದೀಪಾವಳಿಗೆ ಸರೋಜಕ್ಕ ಫೋನ್ ಮಾಡಿದ್ದರು. ಬೀಗರ ಮನೆಯಿಂದ ಫೋನ್ ಬಂದಿತ್ತಂತೆ, ಬೀಗಿತ್ತಿ ಒಳ್ಳೆ ಜನವಂತೆ. ಆ ಬೀಗಿತ್ತಿಯೂ ಒಬ್ಬ ಮಗನನ್ನು ಕಳೆದುಕೊಂಡವರು. ಇಬ್ಬರೂ ಒಂದು ಗಂಟೆ ಮಾತಾಡಿದರಂತೆ. ದೊಡ್ಡವಳ ನೆನಪು ಈಗಲೂ ಬರುತ್ತದಾ ಎಂದು ಕೇಳಿದೆ.

“ಬರ್ತದೆ ಮೇಡಂ. ಜಾಸ್ತಿ ನೆನಸುದಿಲ್ಲ,” ಎಂದರು. “ಅವಳ ಅತ್ತೆಗೆ ಬೇಜಾರಾದ್ರೆ?”